ಖಾಲಿ ಹಾಸಿಗೆಯ ಲೆಕ್ಕ: ಅಮೆರಿಕದ ಕೌಂಟಿ ಜೈಲಿನ ಅಧ್ಯಯನ ನಡೆದುಬಂದ ದಾರಿ

ಅಮೆರಿಕದಲ್ಲಿ ವಲಸಿಗರನ್ನು ಬಂಧನದಲ್ಲಿಡುವ ಬಗ್ಗೆ ಈಚೆಗೆ ಬರುತ್ತಿರುವ ಪುಸ್ತಕ, ಲೇಖನಗಳಲ್ಲಿ ಒಂದೇ ಕಥೆ ಮತ್ತೆ ಮತ್ತೆ ಎದುರಾಗುತ್ತದೆ. ವಾಷಿಂಗ್ಟನ್ನಿನಲ್ಲಿ ಅಧ್ಯಕ್ಷರು ಆದೇಶ ಹೊರಡಿಸುತ್ತಾರೆ, ಖಾಸಗಿ ಜೈಲು ಕಂಪನಿ ಗುತ್ತಿಗೆ ಹಿಡಿಯುತ್ತದೆ, ಜನ ಕಂಬಿಯ ಹಿಂದೆ ಹೋಗುತ್ತಾರೆ. ಕನ್ನಡ ಪತ್ರಿಕೆಗಳ ವಿದೇಶಿ ಪುಟಗಳೂ ಇದೇ ಕಥೆಯನ್ನು ಹೇಳುತ್ತಿವೆ. ಕಂಪನಿಗಳ ಪಾಲು ದೊಡ್ಡದು, ಅದನ್ನು ಅಲ್ಲಗಳೆಯುವಂತಿಲ್ಲ. ವಲಸೆ ಬಂಧಿತರಲ್ಲಿ ಹೆಚ್ಚಿನವರು ಇಂದು ಇರುವುದು ಕಂಪನಿಗಳು ನಡೆಸುವ ಕಟ್ಟಡಗಳಲ್ಲೇ. ಆದರೆ ಅಂಥ ಎಷ್ಟೋ ಕಟ್ಟಡಗಳ ಒಪ್ಪಂದದ ಮೇಲೆ ಬಿದ್ದಿರುವ ಸಹಿ ಯಾವುದೋ ಒಂದು ಕೌಂಟಿಯದು. ಆ ಸಹಿಗೆ ಒಪ್ಪಿಗೆ ಕೊಟ್ಟವರು ಯಾರು, ಯಾವ ಸಭೆಯಲ್ಲಿ, ಎಷ್ಟು ಹಣಕ್ಕೆ, ಆಮೇಲೆ ಲೆಕ್ಕ ಕೇಳಿದವರು ಯಾರು? ಇಂಥ ಪ್ರಶ್ನೆಗಳು ಹುಟ್ಟುವ ಕೌಂಟಿ ಜೈಲಿನ ಸುತ್ತ ನೂರು ವರ್ಷಗಳ ಅಧ್ಯಯನ ಬೆಳೆದಿದೆ. ಅದು ಯಾರ ಕಣ್ಣಿಗೂ ಬೀಳದೆ ಹೋಗುತ್ತಿದೆ ಎಂಬ ಸಂಕಟವೇ ಈ ಬರಹಕ್ಕೆ ಕಾರಣ.

ಮೊದಲು ಕೌಂಟಿ ಎಂದರೇನು ಎಂಬುದನ್ನು ನಮ್ಮ ಓದುಗರಿಗೆ ಬಿಡಿಸಿ ಹೇಳಬೇಕು. ನಮ್ಮ ಜಿಲ್ಲಾ ಪಂಚಾಯಿತಿಯ ಕೈಗೆ ಜೈಲು, ಪೊಲೀಸು, ಕೋರ್ಟಿನ ಖರ್ಚು, ಆಸ್ತಿ ತೆರಿಗೆ ಹಾಕುವ ಅಧಿಕಾರ ಎಲ್ಲವನ್ನೂ ಕೊಟ್ಟರೆ ಹೇಗಿರುತ್ತದೋ ಹೆಚ್ಚುಕಡಿಮೆ ಹಾಗೆ. ದೇಶದಲ್ಲಿ ಮೂರು ಸಾವಿರಕ್ಕೂ ಹೆಚ್ಚು ಕೌಂಟಿಗಳಿವೆ. ಬಜೆಟ್ ಮಂಜೂರು ಮಾಡುವುದು ಚುನಾಯಿತ ಮಂಡಳಿ. ಜೈಲು ನಡೆಸುವ ಶೆರಿಫ್ ಹೆಚ್ಚಿನ ಕಡೆ ತಾನೂ ಚುನಾಯಿತ. ಹೀಗಾಗಿ ಮಂಡಳಿ ಹಣ ಕೊಡುತ್ತದೆ, ಆದರೆ ಶೆರಿಫ್ ಮಂಡಳಿಯ ಕೈಕೆಳಗಿನ ನೌಕರನಲ್ಲ. ಶಿಕ್ಷೆಯಾದವರನ್ನು ಇಡುವ ದೊಡ್ಡ ಸೆರೆಮನೆಗಳು ರಾಜ್ಯಗಳವು. ಕೌಂಟಿ ಜೈಲಿನಲ್ಲಿ ಇರುವವರು ಬಹುಪಾಲು ವಿಚಾರಣೆಗೆ ಕಾದಿರುವವರು. 2023ರ ನಡುವಿನ ಎಣಿಕೆಯಂತೆ ಸುಮಾರು 6.64 ಲಕ್ಷ ಜನ ಈ ಜೈಲುಗಳಲ್ಲಿದ್ದರು. ಅವರಲ್ಲಿ ಶೇ 70ರಷ್ಟು ಮಂದಿಗೆ ಇನ್ನೂ ಶಿಕ್ಷೆಯಾಗಿರಲಿಲ್ಲ. ಭಾರತದ ವಿಚಾರಣಾಧೀನರ ಪ್ರಮಾಣ 2022ರಲ್ಲಿ ಶೇ 75.8 ಇತ್ತು ಎಂಬುದನ್ನು ನೆನೆದರೆ ಈ ಅಂಕಿ ನಮಗೆ ಅಪರಿಚಿತ ಅನ್ನಿಸುವುದಿಲ್ಲ.

ಆರಂಭದ ಘಟ್ಟವನ್ನು ಬೇಗ ದಾಟಬಹುದು. 1891ರ ತನಕ ಕೇಂದ್ರ ಸರ್ಕಾರಕ್ಕೆ ತನ್ನದೇ ಸೆರೆಮನೆಗಳ ವ್ಯವಸ್ಥೆ ಇರಲಿಲ್ಲ. ತನ್ನ ಕೈದಿಗಳನ್ನು ತಲೆಗೆ ದಿನಕ್ಕೆ ಇಷ್ಟು ಎಂದು ಕೊಟ್ಟು ಕೌಂಟಿಗಳಲ್ಲಿ ಇರಿಸುತ್ತಿತ್ತು. ಆಮೇಲೂ ಆ ಪದ್ಧತಿ ನಿಲ್ಲಲಿಲ್ಲ. ಆ ಜೈಲುಗಳನ್ನು ಸರ್ಕಾರದ ಪರವಾಗಿ ತಪಾಸಣೆ ಮಾಡುತ್ತಿದ್ದ ಜೋಸೆಫ್ ಫಿಶ್‌ಮನ್ ಕಂಡದ್ದನ್ನೆಲ್ಲ 1923ರಲ್ಲಿ ಪುಸ್ತಕವಾಗಿ ಬರೆದರು. 1922ರಲ್ಲಿ ರಾಸ್ಕೋ ಪೌಂಡ್, ಫೀಲಿಕ್ಸ್ ಫ್ರಾಂಕ್‌ಫರ್ಟರ್ ಅವರ ಕ್ಲೀವ್‌ಲ್ಯಾಂಡ್ ಸಮೀಕ್ಷೆ, 1927ರಲ್ಲಿ ಆರ್ಥರ್ ಬೀಲಿ ಅವರ ಶಿಕಾಗೋ ಜಾಮೀನು ಅಧ್ಯಯನ ಬಂದವು. ಕಾಸಿದ್ದವನು ಹೊರಗೆ, ಇಲ್ಲದವನು ಒಳಗೆ ಎಂಬುದನ್ನು ಬೀಲಿ ಆಗಲೇ ಅಂಕಿಗಳಲ್ಲಿ ತೋರಿಸಿದ್ದರು. ಓದಿದವರು ಕಡಿಮೆ.

ನಿಜವಾದ ತಿರುವು 1954ರದು. ಪೆನ್ಸಿಲ್ವೇನಿಯ ವಿಶ್ವವಿದ್ಯಾಲಯದ ಕೇಲೆಬ್ ಫೂಟ್ ತಮ್ಮ ವಿದ್ಯಾರ್ಥಿಗಳನ್ನು ಕರೆದುಕೊಂಡು ಫಿಲಡೆಲ್ಫಿಯದ ಕೋರ್ಟುಗಳಲ್ಲಿ ಕುಳಿತರು. ಎರಡನೇ ಮಹಾಯುದ್ಧದಲ್ಲಿ ಬಂದೂಕು ಹಿಡಿಯಲು ಒಪ್ಪದೆ ತಾವೇ ಜೈಲು ಕಂಡಿದ್ದವರು ಅವರು. ಜಾಮೀನಿನ ಮೊತ್ತ ನಿಗದಿಯಾಗುವ ರೀತಿ, ಹಣ ಹೊಂದಿಸಲಾಗದವರ ಪ್ರಕರಣಗಳು ಮುಗಿಯುವ ರೀತಿ ಎರಡನ್ನೂ ಒಟ್ಟಿಗಿಟ್ಟು ನೋಡಿದರು. ಒಳಗಿದ್ದವನಿಗೆ ಶಿಕ್ಷೆಯಾಗುವ ಸಾಧ್ಯತೆ ಹೊರಗಿದ್ದವನಿಗಿಂತ ಹೆಚ್ಚು ಎಂಬ ಅನುಮಾನಕ್ಕೆ ಅವರಿಂದ ಮೈ ಬಂತು. ಇಂದಿನ ದೊಡ್ಡ ದೊಡ್ಡ ಅರ್ಥಶಾಸ್ತ್ರದ ಪ್ರಬಂಧಗಳು ಸಾಧಿಸಿ ತೋರಿಸುತ್ತಿರುವುದು ಬಹುಮಟ್ಟಿಗೆ ಫೂಟ್ ಅವರ ಊಹೆಯನ್ನೇ. ಅವರ ಹೆಸರನ್ನು ಅಡಿಟಿಪ್ಪಣಿಗೆ ಇಳಿಸಿರುವುದು ನ್ಯಾಯವಲ್ಲ.

ಅಲ್ಲಿಂದ ಮುಂದಿನದು ಹೆಚ್ಚು ಪರಿಚಿತ ಕಥೆ. ಲೂಯಿ ಶ್ವೈಟ್ಜರ್ ಎಂಬ ಉದ್ಯಮಿ ನ್ಯೂಯಾರ್ಕಿನ ಜೈಲೊಂದನ್ನು ನೋಡಿ ಬಂದು, ಹರ್ಬರ್ಟ್ ಸ್ಟರ್ಜ್ ಎಂಬ ತರುಣನ ಜೊತೆ ಸೇರಿ, ತಾಯಿಯ ಹೆಸರಿನಲ್ಲಿ ವೆರಾ ಪ್ರತಿಷ್ಠಾನ ಕಟ್ಟಿದರು. 1961ರ ಅಕ್ಟೋಬರಿನಲ್ಲಿ ಮ್ಯಾನ್‌ಹಟನ್ ಜಾಮೀನು ಯೋಜನೆ ಶುರುವಾಯಿತು. ಕಾನೂನು ವಿದ್ಯಾರ್ಥಿಗಳು ಆರೋಪಿಯನ್ನು ಕೂರಿಸಿಕೊಂಡು ಮನೆ ಎಲ್ಲಿ, ಯಾರ ಜೊತೆ ವಾಸ, ಕೆಲಸ ಏನು, ಹಿಂದೆ ಶಿಕ್ಷೆಯಾಗಿದೆಯೇ ಎಂದು ಕೇಳಿ ಅಂಕ ಹಾಕುವರು. ಅಂಕ ಸಾಕಷ್ಟು ಬಂದರೆ ಹಣವಿಲ್ಲದೆ, ಬರೀ ಮಾತಿನ ಮೇಲೆ ಬಿಡಲು ಶಿಫಾರಸು ಮಾಡುವರು. ಹಾಗೆ ಬಿಡುಗಡೆಯಾದ 3,505 ಮಂದಿಯಲ್ಲಿ ಬೇಕೆಂದೇ ತಪ್ಪಿಸಿಕೊಂಡವರು ಶೇ 1.6 ಮಾತ್ರ. 1966ರ ಕೇಂದ್ರ ಜಾಮೀನು ಸುಧಾರಣಾ ಕಾಯ್ದೆಗೆ ಇದೇ ಬುನಾದಿ.

ನಮಗೂ ಇದಕ್ಕೂ ನೇರ ನಂಟಿದೆ. 1978ರ ಮೋತಿರಾಮ್ ಪ್ರಕರಣದಲ್ಲಿ ಗಾರೆ ಕೆಲಸದ ಬಡವನೊಬ್ಬನಿಗೆ ಹತ್ತು ಸಾವಿರ ರೂಪಾಯಿಯ ಜಾಮೀನು ಕೇಳಿ, ಅಣ್ಣತಮ್ಮನ ಆಸ್ತಿ ಬೇರೆ ಜಿಲ್ಲೆಯಲ್ಲಿದೆ ಎಂದು ಮ್ಯಾಜಿಸ್ಟ್ರೇಟರು ತಳ್ಳಿಹಾಕಿದ್ದಾಗ ನ್ಯಾಯಮೂರ್ತಿ ಕೃಷ್ಣಯ್ಯರ್ ಅದನ್ನು ಕಟುವಾಗಿ ಟೀಕಿಸಿದರು. ಮರುವರ್ಷ ಬಿಹಾರದ ಜೈಲುಗಳ ಹುಸೈನಾರಾ ಖಾತೂನ್ ತೀರ್ಪಿನಲ್ಲಿ ನ್ಯಾಯಮೂರ್ತಿ ಭಗವತಿ ಮ್ಯಾನ್‌ಹಟನ್ ಯೋಜನೆಯನ್ನೇ ಎತ್ತಿ ತೋರಿಸಿ, ಆರೋಪಿಗೆ ಊರಿನಲ್ಲಿರುವ ಬೇರುಗಳನ್ನು ನೋಡಿ ಬಿಡಬಹುದು ಎಂದರು. ಅಂಕ ಹಾಕುವ ಆ ಹಾಳೆ ನ್ಯೂಯಾರ್ಕಿನಿಂದ ಪಾಟ್ನಾದ ತನಕ ಬಂದದ್ದು ಹೀಗೆ.

ಆದರೆ 1966ರ ಕಾಯ್ದೆ ಅನ್ವಯವಾದದ್ದು ಕೇಂದ್ರದ ಕೋರ್ಟುಗಳಿಗೆ. ಕೌಂಟಿಗಳು ತಮ್ಮ ದಾರಿಯಲ್ಲೇ ಇದ್ದವು. 1976ರಲ್ಲಿ ಕೆಂಟಕಿ ರಾಜ್ಯ ಹಣ ಪಡೆದು ಜಾಮೀನು ನಿಲ್ಲುವ ದಂಧೆಯನ್ನು ನಿಷೇಧಿಸಿದ್ದು ಅಪರೂಪದ ಅಪವಾದ. 1984ರ ಹೊಸ ಕಾಯ್ದೆ ಅಪಾಯಕಾರಿ ಎಂಬ ಕಾರಣಕ್ಕೆ ಮುಂಚಿತವಾಗಿಯೇ ಕೂಡಿಹಾಕಲು ಬಾಗಿಲು ತೆರೆಯಿತು, 1987ರ ಸಲೆರ್ನೊ ತೀರ್ಪು ಅದನ್ನು ಎತ್ತಿಹಿಡಿಯಿತು. ಆ ಎರಡು ದಶಕಗಳಲ್ಲಿ ಬಂದ ರಾಶಿ ಬರಹದಲ್ಲಿ ಮಾಲ್ಕಂ ಫೀಲಿ ಮತ್ತು ಜಾನ್ ಅರ್ವಿನ್ ಅವರ ಪುಸ್ತಕಗಳನ್ನು ನಾನು ಈಗಲೂ ವಿದ್ಯಾರ್ಥಿಗಳ ಕೈಗೆ ಕೊಡುತ್ತೇನೆ. ಸಶಸ್ತ್ರ ದರೋಡೆಗೆ ತಾವೇ ಸೆರೆವಾಸ ಮುಗಿಸಿ ಬಂದು ಸಮಾಜಶಾಸ್ತ್ರಜ್ಞರಾದವರು ಅರ್ವಿನ್. ಸ್ಯಾನ್‌ಫ್ರಾನ್ಸಿಸ್ಕೊ ಕೌಂಟಿ ಜೈಲಿನಲ್ಲಿ ನಿಂತು ನೋಡಿ 1985ರಲ್ಲಿ ಬರೆದರು: ಇಲ್ಲಿಗೆ ಬರುವವರಲ್ಲಿ ಘೋರ ಅಪರಾಧಿಗಳು ಕಡಿಮೆ, ಪಟ್ಟಣಕ್ಕೆ ಬೇಡವಾದವರು ಹೆಚ್ಚು. ಆ ಪುಸ್ತಕದಲ್ಲಿ ಒಂದೇ ಒಂದು ಕೊರತೆ: ಜೈಲಿಗೆ ಹಣ ಎಲ್ಲಿಂದ ಬರುತ್ತದೆ ಎಂಬ ಅಧ್ಯಾಯ ಅದರಲ್ಲಿಲ್ಲ. ಫೂಟ್ ಅವರಲ್ಲೂ ಇಲ್ಲ, ವೆರಾದ ಮೊದಲ ವರದಿಗಳಲ್ಲೂ ಇಲ್ಲ. ಜಾಮೀನಿನ ವಿದ್ವಾಂಸರು ಬಡವನ ಜೇಬನ್ನು ತಡಕಿದರು, ಕೌಂಟಿಯ ಖಜಾನೆಯನ್ನು ತೆರೆದು ನೋಡಲಿಲ್ಲ.

ನಮ್ಮ ತಲೆಮಾರು ಕಣ್ಣು ಬಿಟ್ಟದ್ದು ಅಲ್ಲಿ. ಕಾರಣವಾದದ್ದು ಒಂದು ಹಡಗು. 1993ರ ಜೂನ್ 6ರಂದು ಗೋಲ್ಡನ್ ವೆಂಚರ್ ಎಂಬ ತುಕ್ಕು ಹಿಡಿದ ಹಡಗು 286 ಚೀನೀಯರನ್ನು ಹೊತ್ತು ನ್ಯೂಯಾರ್ಕಿನ ರಾಕವೇ ದಂಡೆಗೆ ಬಂದು ನೆಲಕಚ್ಚಿತು. ಬದುಕುಳಿದವರಲ್ಲಿ ದೊಡ್ಡ ಗುಂಪೊಂದನ್ನು ಪೆನ್ಸಿಲ್ವೇನಿಯದ ಯಾರ್ಕ್ ಕೌಂಟಿಯ ಜೈಲಿಗೆ ಒಯ್ದರು. ಅಪರಾಧದ ಆರೋಪವಿಲ್ಲ, ವಿಚಾರಣೆಯ ದಿನಾಂಕವೂ ಇಲ್ಲ. ಆಶ್ರಯ ಕೇಳಿದ ಜನ ಮೂರೂವರೆ ವರ್ಷಕ್ಕೂ ಮೇಲೆ ಅಲ್ಲಿ ಕಳೆದರು. ಕೈ ಸುಮ್ಮನಿರಲಾರದೆ ಪತ್ರಿಕೆಯ ಹಾಳೆ, ಟಾಯ್ಲೆಟ್ ಪೇಪರು, ಅಂಟು ಸೇರಿಸಿ ಹದ್ದು, ದೋಣಿ, ಅನಾನಸು ಮಾಡಿದರು. ಮಡಚಿದ ಸಾವಿರಾರು ಕಾಗದದ ತ್ರಿಕೋನಗಳನ್ನು ಒಂದರೊಳಗೊಂದು ಸಿಕ್ಕಿಸಿ ಮಾಡಿದ ಆ ಕೆಲಸವನ್ನು ವಕೀಲರ ಖರ್ಚಿಗಾಗಿ ಊರಿನವರು ಮಾರಿಕೊಟ್ಟರು. 1997ರ ಫೆಬ್ರುವರಿಯಲ್ಲಿ ಉಳಿದ ಐವತ್ತಕ್ಕೂ ಹೆಚ್ಚು ಮಂದಿಯನ್ನು ಅಧ್ಯಕ್ಷ ಕ್ಲಿಂಟನ್ ಬಿಡುಗಡೆ ಮಾಡಿದರು. ಪತ್ರಿಕೆಗಳು ಕಾಗದದ ಹದ್ದುಗಳ ಬಗ್ಗೆ ಬರೆದವು. ಕೆಲವರು ಮಾತ್ರ ಇನ್ನೊಂದು ಕಡೆ ನೋಡಿದರು: ಆ ಪ್ರತಿಯೊಬ್ಬನಿಗೂ ಪ್ರತಿದಿನಕ್ಕೂ ವಲಸೆ ಇಲಾಖೆ ಕೌಂಟಿಗೆ ಹಣ ಕೊಟ್ಟಿತ್ತು. ಆಮೇಲಿನ ವರ್ಷಗಳಲ್ಲಿ ಯಾರ್ಕ್ ಜೈಲು ವಲಸೆ ಬಂಧನದ ದೊಡ್ಡ ತಾಣವಾಗಿ ಬೆಳೆಯಿತು. 2021ರ ಆಗಸ್ಟ್ ತನಕ ಹಾಗೇ ಉಳಿಯಿತು.

1996ರ ವಲಸೆ ಕಾಯ್ದೆ ಕಡ್ಡಾಯ ಬಂಧನವನ್ನು ಹಿಗ್ಗಿಸಿತು. 287(ಜಿ) ಎಂಬ ಕಲಮಿನಡಿ ಸ್ಥಳೀಯ ಪೊಲೀಸರಿಗೆ ವಲಸೆ ಅಧಿಕಾರಿಯ ಕೆಲಸ ಕೊಡಲು ದಾರಿ ಮಾಡಿತು. 2008ರ ಅಕ್ಟೋಬರಿನಲ್ಲಿ ಟೆಕ್ಸಾಸ್‌ನ ಹ್ಯಾರಿಸ್ ಕೌಂಟಿಯಿಂದ ಶುರುವಾದ ಸೆಕ್ಯೂರ್ ಕಮ್ಯುನಿಟೀಸ್ ಯೋಜನೆ ಜೈಲಿನಲ್ಲಿ ತೆಗೆದ ಪ್ರತಿ ಬೆರಳಚ್ಚನ್ನೂ ವಲಸೆ ಇಲಾಖೆಯ ಕಡತಕ್ಕೆ ಹೊಂದಿಸತೊಡಗಿತು. ಒಂದೊಂದು ಕೌಂಟಿಗೆ ಒಂದೊಂದು ತಿಂಗಳಲ್ಲಿ ಯೋಜನೆ ತಲುಪಿದ್ದರಿಂದ ತುಲನೆಗೆ ಒಳ್ಳೆಯ ಅವಕಾಶ ಸಿಕ್ಕಿತು. ಥಾಮಸ್ ಮೈಲ್ಸ್, ಆಡಂ ಕಾಕ್ಸ್ ಅದನ್ನು ಬಳಸಿಕೊಂಡು, ಯೋಜನೆಯಿಂದ ಅಪರಾಧದ ಪ್ರಮಾಣದಲ್ಲಿ ಗುರುತಿಸಬಹುದಾದ ಇಳಿಕೆ ಆಗಿಲ್ಲ ಎಂದು 2014ರಲ್ಲಿ ತೋರಿಸಿದರು. ಈ ವಿಷಯದಲ್ಲಿ ಅದಕ್ಕಿಂತ ಗಟ್ಟಿಯಾದ ಪ್ರಬಂಧ ಮತ್ತೊಂದು ನನಗೆ ಕಂಡಿಲ್ಲ.

ಬೆರಳಚ್ಚು ಹೊಂದಿತು ಎಂದಾದ ಮೇಲೆ ಜೈಲಿಗೆ ಒಂದು ಫಾರ್ಮು ಬರುತ್ತದೆ. ಅದರ ಹೆಸರು ಡಿಟೇನರ್: ಬಿಡುವ ಹೊತ್ತಿಗೆ ಈ ಮನುಷ್ಯನನ್ನು ಇನ್ನೂ 48 ಗಂಟೆ ಹಿಡಿದಿಡಿ, ನಾವು ಬಂದು ಕರೆದೊಯ್ಯುತ್ತೇವೆ ಎಂಬ ಕೋರಿಕೆ. ಜಾಮೀನು, ವಲಸೆ, ಕೌಂಟಿಯ ದುಡ್ಡು ಮೂರೂ ಆ ಒಂದು ಹಾಳೆಯ ಮೇಲೆ ಸಂಧಿಸುತ್ತವೆ. ಒರೆಗಾನಿನ ಕ್ಲಾಕಮಸ್ ಕೌಂಟಿಯಲ್ಲಿ 2012ರಲ್ಲಿ ನಡೆದದ್ದನ್ನು ನೋಡಿ. ಹೆಂಗಸೊಬ್ಬರಿಗೆ 5,000 ಡಾಲರ್ ಜಾಮೀನು ಗೊತ್ತಾಯಿತು. ಅದರ ಹತ್ತನೇ ಒಂದು ಪಾಲು, 500 ಡಾಲರ್ ಕಟ್ಟಿದರೆ ಹೊರಬರಬಹುದು. ಮನೆಯವರ ಹತ್ತಿರ ಆ ಹಣವಿತ್ತು. ಕಟ್ಟಿದರೂ ಬಿಡುವುದಿಲ್ಲ, ಡಿಟೇನರ್ ಇದೆ ಎಂದು ಜೈಲಿನವರು ಹೇಳಿದ್ದರಿಂದ ಕಟ್ಟಲಿಲ್ಲ. ಆಕೆ ಎರಡು ವಾರ ಒಳಗೇ ಉಳಿದರು; ಪ್ರಕರಣ ಮುಗಿದ ಮೇಲೂ 19 ಗಂಟೆ ಹಿಡಿದಿಡಲಾಯಿತು. 2014ರ ಏಪ್ರಿಲಿನಲ್ಲಿ ಕೇಂದ್ರ ಕೋರ್ಟು ಇದು ಸಂವಿಧಾನದ ಉಲ್ಲಂಘನೆ, ಹೊಣೆ ಕೌಂಟಿಯದೇ ಎಂದಿತು. ಅದಕ್ಕೆ ಮುಂಚಿನ ತಿಂಗಳಷ್ಟೇ ಪೆನ್ಸಿಲ್ವೇನಿಯದ ಲೀಹೈ ಕೌಂಟಿಯ ಮೊಕದ್ದಮೆಯಲ್ಲಿ ಮೇಲ್ಮನವಿ ಕೋರ್ಟು ಡಿಟೇನರ್ ಆಜ್ಞೆಯಲ್ಲ, ಕೋರಿಕೆ ಎಂದು ಸ್ಪಷ್ಟಪಡಿಸಿತ್ತು. ಅಲ್ಲಿ ಹಿಡಿದಿಟ್ಟದ್ದು ಅಮೆರಿಕದಲ್ಲೇ ಹುಟ್ಟಿದ ಪ್ರಜೆಯನ್ನು. ಈ ಎರಡು ತೀರ್ಪುಗಳು ಬಂದ ಕೆಲವೇ ತಿಂಗಳಲ್ಲಿ ನೂರಾರು ಕೌಂಟಿಗಳು ಡಿಟೇನರಿಗೆ ಬೆನ್ನು ತಿರುಗಿಸಿದವು. ಪರಿಹಾರದ ಹೊಣೆ ತಮ್ಮ ಖಜಾನೆಯ ಮೇಲೆ ಬೀಳುತ್ತದೆ ಎಂದು ಗೊತ್ತಾದ ಮೇಲೆ ಕೌಂಟಿ ವಕೀಲರು ಕೊಟ್ಟ ಸಲಹೆ ಅದು.

ಶಿಕಾಗೋ ಇರುವ ಕುಕ್ ಕೌಂಟಿ ಇದನ್ನು ಮೂರು ವರ್ಷ ಮೊದಲೇ ಮನಗಂಡಿತ್ತು. 2011ರ ಸೆಪ್ಟೆಂಬರಿನಲ್ಲಿ ಅದರ ಮಂಡಳಿ ಪಾಸು ಮಾಡಿದ ಕಟ್ಟಳೆಯನ್ನು ವಲಸಿಗರ ಪರವಾದ ಘೋಷಣೆ ಎಂದು ಎಲ್ಲರೂ ಉಲ್ಲೇಖಿಸುತ್ತಾರೆ. ಪಠ್ಯವನ್ನು ಓದಿದರೆ ಅದರ ಬೆನ್ನೆಲುಬು ಹಣಕಾಸಿನ ಷರತ್ತು: ಹಿಡಿದಿಡುವ ಪೂರ್ತಿ ಖರ್ಚನ್ನು ಕೇಂದ್ರ ಬರಹದಲ್ಲಿ ಒಪ್ಪಿಕೊಂಡರೆ ಮಾತ್ರ ಡಿಟೇನರ್ ಪರಿಗಣಿಸಲಾಗುವುದು. ಆ ಖರ್ಚನ್ನು ಕೇಂದ್ರ ಕೊಡುವುದಿಲ್ಲ ಎಂಬುದು ಎಲ್ಲರಿಗೂ ತಿಳಿದ ಸಂಗತಿ. ಅದೇ ವರ್ಷ ಕ್ಯಾಲಿಫೋರ್ನಿಯದ ಸಾಂತಾ ಕ್ಲಾರಾ ಕೌಂಟಿಯೂ ಇದೇ ದಾರಿ ಹಿಡಿಯಿತು. ಹಣಕಾಸಿನ ಮೇಲಿನ ನಿಗಾ ಒಬ್ಬ ಮನುಷ್ಯನ ಸ್ವಾತಂತ್ರ್ಯವನ್ನು ಕಾಯಬಲ್ಲದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ವಲಸೆ ಕಾನೂನಿನ ಪಠ್ಯಪುಸ್ತಕಗಳು ಇದನ್ನು ಒಂದು ಸಾಲಿನಲ್ಲಿ ಮುಗಿಸುತ್ತವೆ.

ಈ ಕ್ಷೇತ್ರದಲ್ಲಿ ನನ್ನ ಒಲವು ಯಾರ ಕಡೆ ಎಂಬುದನ್ನು ಮುಚ್ಚಿಡುವುದಿಲ್ಲ. ಕೌಂಟಿಯ ಬಜೆಟ್ಟು, ಸಾಲಪತ್ರ, ಗುತ್ತಿಗೆ ಕಡತಗಳನ್ನು ಓದಿ ಜೈಲನ್ನು ಅರ್ಥಮಾಡಿಕೊಳ್ಳುವವರ ಗುಂಪು ನನ್ನದು. 2015ರಲ್ಲಿ ವೆರಾ ಸಂಸ್ಥೆ ಜೈಲುಗಳ ಬೆಲೆಯ ಬಗ್ಗೆ ವರದಿಯೊಂದನ್ನು ತಂದಿತು. 35 ಜೈಲು ವ್ಯವಸ್ಥೆಗಳ ಲೆಕ್ಕ ನೋಡಿ, ಜೈಲಿನ ಬಜೆಟ್ಟಿನಲ್ಲಿ ಕಾಣುವುದು ಜೈಲಿನ ಪೂರ್ತಿ ಖರ್ಚಲ್ಲ ಎಂದು ತೋರಿಸಿತು: ಸಿಬ್ಬಂದಿಯ ಪಿಂಚಣಿ ಒಂದು ಖಾತೆಯಲ್ಲಿ, ಕೈದಿಯ ಆಸ್ಪತ್ರೆ ಖರ್ಚು ಇನ್ನೊಂದರಲ್ಲಿ, ಕಟ್ಟಡದ ಸಾಲ ಮತ್ತೊಂದರಲ್ಲಿ. ಮಂಡಳಿಯ ಸದಸ್ಯರಿಗೇ ಒಟ್ಟು ಮೊತ್ತ ಗೊತ್ತಿರುವುದಿಲ್ಲ. ಅದರ ಜೊತೆಗೇ ಓದಬೇಕಾದದ್ದು ಜಾಕ್ ನಾರ್ಟನ್, ಜೇಕಬ್ ಕ್ಯಾಂಗ್-ಬ್ರೌನ್ ಅವರು ಸಣ್ಣ ಕೌಂಟಿಗಳಿಗೆ ಹೋಗಿ ಮಾಡಿದ ಕೆಲಸ. ಅವರ 2020ರ ವರದಿಯ ತಿರುಳು ಸರಳ: ಊರಿಗೆ ಬೇಕಾದದ್ದಕ್ಕಿಂತ ದೊಡ್ಡ ಜೈಲನ್ನು ಕೌಂಟಿ ಕಟ್ಟುತ್ತದೆ, ಉಳಿದ ಹಾಸಿಗೆಗಳನ್ನು ಕೇಂದ್ರದ ಮಾರ್ಷಲ್ ಇಲಾಖೆಗೋ, ವಲಸೆ ಬಂಧನ ನೋಡಿಕೊಳ್ಳುವ ಐಸಿಇ ಇಲಾಖೆಗೋ ದಿನದ ಬಾಡಿಗೆಗೆ ಕೊಟ್ಟು ಸಾಲ ತೀರಿಸುತ್ತೇವೆ ಎಂದು ಮತದಾರರಿಗೆ ಹೇಳುತ್ತದೆ.

ಆ ಲೆಕ್ಕ ತಪ್ಪಿದರೆ ಏನಾಗುತ್ತದೆ ಎಂಬುದನ್ನು ಟೆಕ್ಸಾಸ್‌ನ ದಕ್ಷಿಣ ಮೂಲೆಯ ವಿಲ್ಲಸಿ ಕೌಂಟಿ ಕಂಡಿತು. 2006ರಲ್ಲಿ ಸಾಲಪತ್ರ ಹೊರಡಿಸಿ ಅಲ್ಲಿ ಗುಡಾರಗಳ ಬಂದೀಖಾನೆ ಎಬ್ಬಿಸಿದರು. ಮೊದಲು ವಲಸೆ ಬಂಧಿತರು, ಆಮೇಲೆ ಕೇಂದ್ರದ ಕೈದಿಗಳು. 2015ರ ಫೆಬ್ರುವರಿಯಲ್ಲಿ ಒಳಗಿನವರು ದಂಗೆ ಎದ್ದರು. ಸುಮಾರು 2,800 ಮಂದಿಯನ್ನು ಬೇರೆಡೆ ಸಾಗಿಸಿದರು. ತಲೆಯ ಲೆಕ್ಕದಲ್ಲಿ ಬರುತ್ತಿದ್ದ ಹಣ ನಿಂತಿತು, ಕೆಲಸಗಾರರು ಮನೆಗೆ ಹೋದರು, ಸಾಲ ಉಳಿಯಿತು, ಸಾಲದ ದರ್ಜೆ ಕುಸಿಯಿತು. 2018ರಲ್ಲಿ ಅದೇ ಜಾಗದಲ್ಲಿ ಐಸಿಇ ಕೇಂದ್ರ ಮತ್ತೆ ತೆರೆಯಿತು.

ಅಲಬಾಮಾದ ಎಟೋವಾ ಕೌಂಟಿಯ ಪ್ರಕರಣ ಇನ್ನೂ ಹತ್ತಿರದಿಂದ ನೋಡಬೇಕಾದದ್ದು. ಕೈದಿಗಳ ಊಟದ ಹಣದಲ್ಲಿ ಮಿಕ್ಕದ್ದನ್ನು ಶೆರಿಫ್ ತಾನೇ ಇಟ್ಟುಕೊಳ್ಳಬಹುದು ಎಂಬ ಹಳೆಯ ನಿಯಮ ಆ ರಾಜ್ಯದಲ್ಲಿ ಈಚಿನವರೆಗೂ ಇತ್ತು. 2009ರಲ್ಲಿ ಮಾರ್ಗನ್ ಕೌಂಟಿಯ ಶೆರಿಫರು ಇದೇ ಕಾರಣಕ್ಕೆ ಕೇಂದ್ರ ನ್ಯಾಯಾಧೀಶರಿಂದ ಒಂದು ರಾತ್ರಿಯ ಮಟ್ಟಿಗೆ ಜೈಲಿಗೆ ಹೋಗಿ ಬಂದಿದ್ದರು. 2018ರಲ್ಲಿ ಎಟೋವಾ ಶೆರಿಫರು ಊಟದ ಖಾತೆಯಿಂದ ಏಳೂವರೆ ಲಕ್ಷ ಡಾಲರಿಗೂ ಹೆಚ್ಚು ಹಣ ತಮ್ಮದಾಗಿಸಿಕೊಂಡದ್ದು, ಕಡಲತೀರದಲ್ಲಿ ಮನೆ ಕೊಂಡದ್ದು ಸ್ಥಳೀಯ ಪತ್ರಕರ್ತರ ಶ್ರಮದಿಂದ ಹೊರಬಂತು. ಆ ಜೈಲಿನಲ್ಲಿ ಇದ್ದವರಲ್ಲಿ ಐಸಿಇ ಬಂಧಿತರು ದೊಡ್ಡ ಸಂಖ್ಯೆಯಲ್ಲಿದ್ದರು. ಅವರ ಅನ್ನದ ಹೆಸರಿನಲ್ಲಿ ಕೇಂದ್ರದಿಂದ ಬಂದ ಹಣವೂ ಅದೇ ಖಾತೆಗೆ ಹೋಗುತ್ತಿತ್ತು. 2019ರಲ್ಲಿ ಕಾನೂನು ಬದಲಾಯಿತು. 2022ರ ಮಾರ್ಚಿನಲ್ಲಿ ಐಸಿಇ ಆ ಜೈಲಿನ ಬಳಕೆ ನಿಲ್ಲಿಸುವುದಾಗಿ ಹೇಳಿತು. ಲೆಕ್ಕ ತಪಾಸಕರು ಅಷ್ಟು ವರ್ಷ ಆ ಖಾತೆಯನ್ನು ನೋಡಿಯೂ ನೋಡದಂತೆ ಇದ್ದದ್ದಕ್ಕೆ ನಿಯಮವೇ ನೆಪವಾಗಿತ್ತು.

ಆದರೆ ನಮ್ಮ ವಾದಕ್ಕೆ ನಿಜವಾದ ಒರೆಗಲ್ಲು ನ್ಯೂಜೆರ್ಸಿ. 2013ರ ಅಧ್ಯಯನವೊಂದು ಆ ರಾಜ್ಯದ ಜೈಲುಗಳಲ್ಲಿದ್ದವರಲ್ಲಿ ಶೇ 12 ಮಂದಿ 2,500 ಡಾಲರೋ ಅದಕ್ಕೂ ಕಡಿಮೆಯೋ ಕಟ್ಟಲಾಗದೆ ಉಳಿದಿದ್ದಾರೆ ಎಂದು ತೋರಿಸಿತು. 2017ರ ಜನವರಿ 1ರಿಂದ ಹಣದ ಜಾಮೀನು ಬಹುಮಟ್ಟಿಗೆ ಕೊನೆಗೊಂಡಿತು. ವಿಚಾರಣಾಧೀನರ ಸಂಖ್ಯೆ 2015ರ ಕೊನೆಯಿಂದ 2018ರ ಕೊನೆಯ ಹೊತ್ತಿಗೆ ಶೇ 40ಕ್ಕೂ ಹೆಚ್ಚು ಇಳಿಯಿತು. ಜಾಮೀನಿನ ವಿದ್ವಾಂಸರು ಇದನ್ನು ದೇಶದ ಅತ್ಯುತ್ತಮ ಸುಧಾರಣೆ ಎಂದು ಹೊಗಳಿದರು, ಹೊಗಳಬೇಕಾದದ್ದೇ. ಖಾಲಿಯಾದ ಹಾಸಿಗೆಗಳ ಕಡೆ ಅವರ ಗಮನ ಹರಿಯಲಿಲ್ಲ. ಕಾವಲುಗಾರರ ಸಂಬಳ, ಕಟ್ಟಡದ ಸಾಲ ಎರಡೂ ಕಡಿಮೆಯಾಗಿರಲಿಲ್ಲ. ಎಸೆಕ್ಸ್, ಹಡ್ಸನ್, ಬರ್ಗನ್ ಕೌಂಟಿಗಳು ಐಸಿಇ ಬಂಧಿತರಿಂದ ಆ ತೂತು ಮುಚ್ಚಿಕೊಂಡವು. ಎಸೆಕ್ಸ್‌ಗೆ ತಲೆಗೆ ದಿನಕ್ಕೆ 117 ಡಾಲರ್, ಹಡ್ಸನ್‌ಗೆ 120. ಅದೇ ಎಸೆಕ್ಸ್ ಜೈಲಿನ ತಪಾಸಣೆಯ ಬಗ್ಗೆ ಗೃಹಭದ್ರತಾ ಇಲಾಖೆಯ ಇನ್‌ಸ್ಪೆಕ್ಟರ್ ಜನರಲ್ 2019ರ ಫೆಬ್ರುವರಿಯಲ್ಲಿ ಹೊರತಂದ ವರದಿಯಲ್ಲಿ ಅಡುಗೆಮನೆಯಲ್ಲಿ ರಕ್ತ ಸೋರುತ್ತಿದ್ದ ಹಸಿ ಕೋಳಿಯ ಚಿತ್ರವಿದೆ; ಕಾವಲುಗಾರರು ಶೌಚಾಲಯದಲ್ಲಿ ಬಿಟ್ಟುಹೋದ ಗುಂಡು ತುಂಬಿದ ಪಿಸ್ತೂಲು ಬಂಧಿತನೊಬ್ಬನ ಕಣ್ಣಿಗೆ ಬಿದ್ದ ಸಂಗತಿಯಿದೆ.

ಹಡ್ಸನ್ ಕೌಂಟಿಯ ಮಂಡಳಿ 2020ರ ಕೊನೆಗೆ ಒಪ್ಪಂದ ಬಿಡುತ್ತೇವೆ ಎಂದು 2018ರಲ್ಲಿ ಮಾತು ಕೊಟ್ಟಿತ್ತು. 2020ರ ನವೆಂಬರಿನ ಸಭೆ ಕೋವಿಡ್‌ನಿಂದಾಗಿ ಆನ್‌ಲೈನಿನಲ್ಲಿ ನಡೆಯಿತು. ಜನ ಒಬ್ಬರಾದ ಮೇಲೊಬ್ಬರು, ಗಂಟೆಗಟ್ಟಲೆ, ವಿರೋಧ ಹೇಳಿದರು. ಕೊನೆಗೆ ಮಂಡಳಿ ಒಪ್ಪಂದವನ್ನು ಹತ್ತು ವರ್ಷದವರೆಗೆ ವಿಸ್ತರಿಸಲು ಮತ ಹಾಕಿತು. ಬಜೆಟ್ಟಿನಲ್ಲಿ ಆಗಲೇ ಬರೆದುಕೊಂಡಿದ್ದ ಆದಾಯವನ್ನು ಬಿಟ್ಟುಕೊಟ್ಟರೆ ಆಸ್ತಿ ತೆರಿಗೆ ಏರಿಸಬೇಕಾಗುತ್ತದೆ ಎಂಬುದು ಅವರ ಭಯ. ಆಮೇಲೆ ಒತ್ತಡ ಹೆಚ್ಚಿ, 2021ರ ಆಗಸ್ಟಿನಲ್ಲಿ ರಾಜ್ಯವೇ ಹೊಸ ಒಪ್ಪಂದಗಳನ್ನು ನಿಷೇಧಿಸಿತು. ವರ್ಷ ಮುಗಿಯುವ ಮೊದಲು ಮೂರೂ ಕೌಂಟಿಗಳು ಹೊರಬಂದವು. ಎಸೆಕ್ಸ್ ಮಾತ್ರ ಪಕ್ಕದ ಯೂನಿಯನ್ ಕೌಂಟಿಯ ಕೈದಿಗಳನ್ನು ತರಿಸಿಕೊಂಡು ಜಾಗ ತುಂಬಿಸಿತು. ಹಾಸಿಗೆಯ ಮೇಲಿನ ಮನುಷ್ಯ ಬದಲಾದ, ಲೆಕ್ಕ ಹಾಗೇ ಉಳಿಯಿತು.

ಇಲ್ಲಿ ಒಂದು ಕಷ್ಟದ ಪ್ರಶ್ನೆಯನ್ನೂ ಎದುರಿಸಬೇಕು. ಆ ಜೈಲುಗಳಲ್ಲಿದ್ದವರ ಮನೆಮಂದಿ, ವಕೀಲರು ನ್ಯೂಯಾರ್ಕ್, ನ್ಯೂಜೆರ್ಸಿಯವರು. ಜೈಲಿನ ಬಾಗಿಲು ಮುಚ್ಚಿದಾಗ ಕೆಲವರು ಬಿಡುಗಡೆಯಾದರು, ಕೆಲವರನ್ನು ದೂರದ ರಾಜ್ಯಗಳಿಗೆ ಸಾಗಿಸಿದರು. ಹತ್ತಿರದ ಕೆಟ್ಟ ಜೈಲು ಮೇಲೋ, ದೂರದ ಕೆಟ್ಟ ಜೈಲೋ ಎಂದು ಬಂಧಿತರ ವಕೀಲರೇ ಚಿಂತೆಗೀಡಾದರು. ಮುಚ್ಚಿದ್ದು ಸರಿ ಎಂದೇ ನನ್ನ ನಿಲುವು. ಆದರೆ ಆ ವಕೀಲರ ಆತಂಕವನ್ನು ತಳ್ಳಿಹಾಕಿದ ಬರಹಗಳನ್ನು ನಾನು ಒಪ್ಪಲಾರೆ.

ಈ ನಡುವೆ ಅರ್ಥಶಾಸ್ತ್ರಜ್ಞರು ಜಾಮೀನಿನ ಕ್ಷೇತ್ರಕ್ಕೆ ದೊಡ್ಡ ಪ್ರಮಾಣದಲ್ಲಿ ಬಂದಿದ್ದಾರೆ. ಹ್ಯಾರಿಸ್ ಕೌಂಟಿಯ ಸುಮಾರು 3.8 ಲಕ್ಷ ಸಣ್ಣ ಪ್ರಕರಣಗಳನ್ನು ಇಟ್ಟುಕೊಂಡು ಹೀಟನ್, ಮೇಸನ್, ಸ್ಟೀವನ್‌ಸನ್ 2017ರಲ್ಲಿ ಬರೆದ ಪ್ರಬಂಧ ಅವುಗಳಲ್ಲಿ ಶ್ರೇಷ್ಠ: ಒಳಗಿದ್ದವರು ತಪ್ಪೊಪ್ಪಿಕೊಳ್ಳುವ ಸಾಧ್ಯತೆ ಅಂಥದೇ ಹಿನ್ನೆಲೆಯ ಹೊರಗಿನವರಿಗಿಂತ ಶೇ 25 ಹೆಚ್ಚು. ಅದೇ ವರ್ಷ ನ್ಯಾಯಾಧೀಶೆ ಲೀ ರೋಸೆಂತಾಲ್ ಆ ಕೌಂಟಿಯ ಜಾಮೀನು ಪದ್ಧತಿ ಸಂವಿಧಾನಬಾಹಿರ ಎಂದು 193 ಪುಟಗಳ ತೀರ್ಪು ಕೊಟ್ಟರು. ವಿಡಿಯೋದ ಮುಂದೆ ಒಂದು ನಿಮಿಷದಲ್ಲಿ ಮುಗಿಯುತ್ತಿದ್ದ ವಿಚಾರಣೆಗಳ ವಿವರ ಅದರಲ್ಲಿದೆ. 2023ರ ಸೆಪ್ಟೆಂಬರಿನಲ್ಲಿ ಇಲಿನಾಯ್ ಹಣದ ಜಾಮೀನನ್ನು ಪೂರ್ತಿ ತೆಗೆದುಹಾಕಿತು. ಈ ಪ್ರಬಂಧಗಳ ಬಲ ದೊಡ್ಡದು. ಆದರೆ ಅವುಗಳಲ್ಲಿ ಕೌಂಟಿ ಎಂಬುದು ಕೋಷ್ಟಕದ ಒಂದು ಕಂಬಸಾಲು ಮಾತ್ರ. ಮಂಡಳಿ, ಖಜಾಂಚಿ, ಸಾಲಪತ್ರ ಕೊಂಡ ಬ್ಯಾಂಕು ಯಾರೂ ಕಾಣುವುದಿಲ್ಲ. ಹಿಂದೊಮ್ಮೆ ಪತ್ರಿಕೆಯೊಂದಕ್ಕೆ ಕೌಂಟಿ ಬಜೆಟ್ಟುಗಳ ಮೇಲೆ ಬರೆದು ಕಳಿಸಿದ್ದ ನನ್ನ ಲೇಖನವನ್ನು ಇದರಲ್ಲಿ ಸಿದ್ಧಾಂತವಿಲ್ಲ ಎಂದು ಮರಳಿಸಿದ್ದರು. ಆ ಮನೋಭಾವ ಈಗ ಸಡಿಲವಾಗಿದೆ, ಹೋಗಿಲ್ಲ.

ಇತಿಹಾಸಕಾರರು ನಮ್ಮ ಕೈ ಹಿಡಿದಿದ್ದಾರೆ ಎಂಬುದು ಸಮಾಧಾನ. ಬ್ರಿಯಾನಾ ನೋಫಿಲ್ ಅವರ 2024ರ ಪುಸ್ತಕ ಕಳೆದ ಶತಮಾನದ ಆರಂಭಕ್ಕೆ ಹೋಗುತ್ತದೆ. ಚೀನೀಯರನ್ನು ಹೊರಗಿಡುವ ಕಾನೂನಿದ್ದ ಕಾಲ. ಕೆನಡಾದಿಂದ ಗಡಿ ದಾಟಿ ಬಂದವರನ್ನು ಉತ್ತರ ನ್ಯೂಯಾರ್ಕಿನ ಮಲೋನ್‌ನಂಥ ಊರುಗಳ ಜೈಲಿನಲ್ಲಿ ಇರಿಸಿ ಕೇಂದ್ರ ಕೌಂಟಿಗೆ ದಿನದ ದರ ಕೊಡುತ್ತಿತ್ತು. ನಾವು 1990ರ ದಶಕದ ಹೊಸ ಬೆಳವಣಿಗೆ ಎಂದುಕೊಂಡಿದ್ದಕ್ಕೆ ನೂರು ವರ್ಷದ ಬೇರು ಇದೆ ಎಂಬುದನ್ನು ಅವರು ಕಡತಗಳಿಂದ ಎತ್ತಿ ತೋರಿಸಿದರು. ಅದೇ ವರ್ಷ ನಾರ್ಟನ್, ಪೆಲೊ-ಹಾಬ್ಸ್, ಶೆಪ್ಟ್ ಸಂಪಾದಿಸಿದ ಸಂಕಲನ ಬಂತು. ಅದರಲ್ಲಿ ವಿದ್ವಾಂಸರ ಜೊತೆಗೆ ಹೊಸ ಜೈಲಿನ ವಿರುದ್ಧ ಊರೂರಿನಲ್ಲಿ ಹೋರಾಡಿದವರೂ ಬರೆದಿದ್ದಾರೆ.

ಆಗಬೇಕಾದ ಕೆಲಸ ಬಹಳ ಉಳಿದಿದೆ. ನ್ಯಾಯ ಇಲಾಖೆಯ ವಾರ್ಷಿಕ ಜೈಲು ಸಮೀಕ್ಷೆ ತಲೆ ಎಣಿಸುತ್ತದೆ, ಸಾಲ ಕೇಳುವುದಿಲ್ಲ. ಜನಗಣತಿ ಇಲಾಖೆಯ ಸ್ಥಳೀಯ ಹಣಕಾಸು ಸಮೀಕ್ಷೆ ಸೆರೆಮನೆಯ ಖರ್ಚನ್ನು ಒಂದೇ ಸಾಲಿನಲ್ಲಿ ಕೊಡುತ್ತದೆ, ಐಸಿಇಯಿಂದ ಬಂದ ಆದಾಯ ಅದರಲ್ಲಿ ಬೇರೆಯಾಗಿ ಕಾಣುವುದಿಲ್ಲ. ಕೇಂದ್ರದ ಕಡೆಯ ನಿಗಾ ಎಷ್ಟು ತೆಳುವಾಗಿದೆ ಎಂಬುದಕ್ಕೆ ಒಂದು ಉದಾಹರಣೆ: ಅರಿಜೋನಾದ ಎಲೋಯ್ ಎಂಬ ಸಣ್ಣ ಊರಿನ ಜೊತೆಗಿದ್ದ ಒಪ್ಪಂದಕ್ಕೆ ತಿದ್ದುಪಡಿ ಬರೆದು, ಸುಮಾರು 900 ಮೈಲಿ ದೂರದ ಟೆಕ್ಸಾಸ್‌ನ ಡಿಲಿಯಲ್ಲಿ ಕುಟುಂಬಗಳ ಬಂಧನ ಕೇಂದ್ರ ತೆರೆಯಲಾಯಿತು. ಇದು ನಿಯಮಬಾಹಿರ ಎಂದು ಇನ್‌ಸ್ಪೆಕ್ಟರ್ ಜನರಲ್ ಹೇಳಿದ್ದು 2018ರಲ್ಲಿ, ಕೇಂದ್ರ ತೆರೆದು ಮೂರು ವರ್ಷವಾದ ಮೇಲೆ. ಐಸಿಇ ಬಳಸದ ಹಾಸಿಗೆಗಳಿಗೂ ಹಣ ಕಟ್ಟುತ್ತಿದೆ ಎಂದು ಸಂಸತ್ತಿನ ಲೆಕ್ಕ ಪರಿಶೋಧನಾ ಕಚೇರಿ 2021ರಲ್ಲಿ ಹೇಳಿತು.

ಈಗ ಜಾಮೀನು, ವಲಸೆ, ಕೌಂಟಿಯ ದುಡ್ಡು ಎಂಬ ಮೂರು ಎಳೆಗಳೂ ಹಿಂದೆಂದಿಗಿಂತ ಬಿಗಿಯಾಗಿ ಹೆಣೆದುಕೊಂಡಿವೆ. 2025ರ ಜನವರಿಯ ಲೇಕನ್ ರೈಲಿ ಕಾಯ್ದೆಯ ಪ್ರಕಾರ ಅಕ್ರಮವಾಗಿ ಬಂದ ವಲಸಿಗನ ಮೇಲೆ ಅಂಗಡಿ ಕಳವಿನ ಆರೋಪ ಬಂದರೂ ಸಾಕು, ತೀರ್ಪಿಗೆ ಕಾಯದೆ ಬಂಧನ ಕಡ್ಡಾಯ. ಅದೇ ವರ್ಷದ ಜುಲೈನಲ್ಲಿ ವಲಸೆ ಬಂಧನಕ್ಕೆ 45 ಶತಕೋಟಿ ಡಾಲರ್ ಮಂಜೂರಾಯಿತು. ವರ್ಷದ ಆರಂಭದಲ್ಲಿ ನೂರಮೂವತ್ತರ ಆಸುಪಾಸಿನಲ್ಲಿದ್ದ 287(ಜಿ) ಒಪ್ಪಂದಗಳು ಅದೇ ವರ್ಷ ಸಾವಿರ ದಾಟಿದವು. ಟೆಕ್ಸಾಸ್‌ನ ಹೊಸ ಕಾನೂನು ಜೈಲು ನಡೆಸುವ ಕೌಂಟಿಗಳ ಶೆರಿಫರಿಗೆ ಅಂಥ ಒಪ್ಪಂದವನ್ನು 2026ರಿಂದ ಕಡ್ಡಾಯ ಮಾಡಿದೆ. ಕೌಂಟಿಗಳಿಗೆ ಅದರಿಂದ ಬರುವ ಹಣ ಎಷ್ಟು, ಬೀಳುವ ಖರ್ಚು ಎಷ್ಟು, ಯಾವ ಖಾತೆಗೆ ಯಾವುದು ಎಂಬುದು ಮಂಡಳಿಗಳ ಬಜೆಟ್ ಸಭೆಯಲ್ಲಿ ಕಾಗದದ ಮೇಲೆ ಬರುತ್ತದೆ. ಶೆರಿಫರ ಕಚೇರಿಯ ದಿನದ ಹಾಜರಿ ಪಟ್ಟಿ, ಕೋರ್ಟಿನ ಗುಮಾಸ್ತರ ಹತ್ತಿರವಿರುವ ಜಾಮೀನು ಆದೇಶ, ಆಡಿಟರ ಹತ್ತಿರವಿರುವ ಸಾಲದ ಕಂತಿನ ಪಟ್ಟಿ ಮೂರೂ ಮೂರು ಕಚೇರಿಯ ಕಡತಗಳು. ಮೂರನ್ನೂ ಒಂದೇ ಮೇಜಿನ ಮೇಲೆ ಹರಡಿ, ಒಂದು ಕೌಂಟಿಯ ಐದಾರು ವರ್ಷಗಳನ್ನು ದಿನವಾರು ಹೊಂದಿಸಿ ನೋಡುವ ಅಧ್ಯಯನ ಈಗ ತುರ್ತಾಗಿ ಆಗಬೇಕು. ಕಡತಗಳೇನೂ ಗುಟ್ಟಿನವಲ್ಲ. ಟೆಕ್ಸಾಸ್‌ನ ಹೆಚ್ಚಿನ ಕೌಂಟಿಗಳಲ್ಲಿ ಬಜೆಟ್ ಸಭೆಗಳು ಆಗಸ್ಟ್, ಸೆಪ್ಟೆಂಬರಿನಲ್ಲಿ ನಡೆಯುತ್ತವೆ, ಬಾಗಿಲು ಸಾರ್ವಜನಿಕರಿಗೆ ತೆರೆದೇ ಇರುತ್ತದೆ.